ಹತ್ತಕ್ಕಿಂತ ಹನ್ನೆರಡು ಎಷ್ಟು ಹೆಚ್ಚು

ಡಬ್ಬಿಯ ಮುಚ್ಚಳ ತೆಗೆದಾಗ ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು. ದಾಂಡೇಲಿಯ ಖಾಸಗಿ ಶಾಲೆಯೊಂದರಲ್ಲಿ ಯುಕೆಜಿ ಶಿಕ್ಷಕಿಯಾಗಿ ಸೇರಿದ ಮೊದಲ ವಾರ ಅದು. ಮಕ್ಕಳು ಎಣಿಸಿ ಆಡಲು ಮನೆಯಿಂದ ಏನಾದರೂ ಕಳಿಸಿ ಎಂದಿದ್ದೆ. ನಮ್ಮ ಮಳವಳ್ಳಿಯಲ್ಲಾಗಿದ್ದರೆ ಹುಣಸೆಬೀಜ ಬರುತ್ತಿತ್ತು. ಇಲ್ಲಿ ಆಫ್ರೀನಳ ತಂದೆ, ಮೆಕ್ಯಾನಿಕ್ ಸಲೀಂ, ಹಳೆಯ ನಟ್ಟು ಬೋಲ್ಟು ತಂದಿದ್ದರು.

“ಎರಡ ಸಲ ತೊಳದೇನ್ರಿ ಟೀಚರ್. ವಾಸನಿ ಹೋಗಂಗಿಲ್ಲ. ನನ್ನ ಮೈದಽ ಇನ್ನೂ ಹೋಗಿಲ್ಲ!”

ನೆಲದ ಮೇಲೆ ಸುರಿದು, “ಏನು ಬೇಕಾದರೂ ಮಾಡಿ” ಎಂದೆ. ನನ್ನ ಕನ್ನಡಕ್ಕೆ ಮಕ್ಕಳು ಮೊದಲು ನಕ್ಕರು, ಆಮೇಲೆ ಆಟಕ್ಕಿಳಿದರು. ಬಸವರಾಜ ಗೋಪುರ ಕಟ್ಟಿದ. ಆಫ್ರೀನ್ ಪ್ರತಿ ಬೋಲ್ಟಿಗೂ ಅದರದೇ ನಟ್ಟು ಹುಡುಕಿ ತಿರುಗಿಸಿ, ಸಣ್ಣದರಿಂದ ದೊಡ್ಡದಕ್ಕೆ ಸಾಲಿಟ್ಟಳು. ಬಸವರಾಜ ಹೊಂದದ್ದೊಂದನ್ನು ತುರುಕಲು ಹೋದಾಗ ಬೈದಳು: “ಏ, ಅದು ಹತ್ತರದು, ಇದು ಹನ್ನೆರಡರದು. ಕಣ್ಣಿಲ್ಲೇನು ನಿನಗ?”

ನಟ್ಟು ತಿರುಗಿಸುವ ಸ್ಪ್ಯಾನರಿಗೆ ಇಲ್ಲಿ ಪಾನಾ ಎನ್ನುತ್ತಾರೆ. ಅದರ ಬಾಯಿಯ ಅಗಲ ಮಿಲಿಮೀಟರಿನಲ್ಲಿ ಅದರ ಮೇಲೆಯೇ ಬರೆದಿರುತ್ತದೆ; ಅದಕ್ಕೆ ಹೊಂದುವ ನಟ್ಟನ್ನೂ ಅದೇ ಅಂಕೆಯಿಂದ ಕರೆಯುತ್ತಾರೆ. ನಾನು ಹತ್ತು, ಹನ್ನೆರಡನ್ನು ಬಾಯಿಪಾಠದಿಂದ ಕಲಿತವಳು. ಅವಳು ಕೈಯಿಂದ ಕಲಿತಿದ್ದಳು.

ಮನೆಯೊಡತಿ ಗಂಗಕ್ಕ, “ಮುದ್ದಿ ನುಂಗೂ ಊರಾಕಿ ನೀ, ರೊಟ್ಟಿ ಅಗೀಲಿಕ್ಕ ಹಲ್ಲ ಬೇಕ ತಂಗಿ” ಎಂದು ಕಾಡುತ್ತ ರೊಟ್ಟಿ ಬಡಿಯುವಷ್ಟರಲ್ಲಿ ವರ್ಷವೇ ಮುಗಿಯುತ್ತ ಬಂತು. ಒಂದನೇ ತರಗತಿಗೆ ಯಾರನ್ನು ಕಳಿಸಬೇಕೆಂದು ಮುಖ್ಯ ಶಿಕ್ಷಕಿ ಪರೀಕ್ಷಿಸಲು ಬಂದರು. ನೂರರವರೆಗೆ ಬರೆಯಬೇಕಿತ್ತು, ಆಫ್ರೀನ್ ಇಪ್ಪತ್ತೊಂಬತ್ತಕ್ಕೆ ನಿಂತಳು.

“ಹೋಗಲಿ, ಹತ್ತಕ್ಕಿಂತ ಹನ್ನೆರಡು ಎಷ್ಟ ಹೆಚ್ಚ ಹೇಳು.”

ಆಫ್ರೀನ್ ಯೋಚಿಸಿದಳು. ಹೆಬ್ಬೆರಳು, ತೋರುಬೆರಳು ಹತ್ತಿರ ತಂದು ನಡುವೆ ಒಂದಿಷ್ಟೇ ಸಂದಿ ಬಿಟ್ಟು ತೋರಿಸಿದಳು. “ಇಷ್ಟ ರೀ.”

“ನೋಡ್ರಿ ಟೀಚರ್, ಆಟ ಆಡ್ಸಿ ಆಡ್ಸಿ ಎಲ್ಲಿಗೆ ತಂದೀರಿ!”

ಸಂದಿಯನ್ನು ನಾನು ಅಳೆದಿಲ್ಲ. ಆದರೆ ಆ ಎರಡು ನಟ್ಟುಗಳ ಅಗಲದ ಅಂತರ ಎರಡು ಮಿಲಿಮೀಟರ್. ಮಗುವಿನ ಉತ್ತರ ಸರಿಯಿತ್ತು. ಅದನ್ನು ಬಲ್ಲವಳು ಆ ಕೋಣೆಯಲ್ಲಿ ನಾನೊಬ್ಬಳೇ, ಮತ್ತು ನಾನು ಬಾಯಿ ಬಿಡಲಿಲ್ಲ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. “ಮತ್ತೊಂದು ವರ್ಷ ಯುಕೆಜಿ” ಎಂದು ಅವರು ಬರೆದರು.

ಮರುದಿನ ನಟ್ಟುಗಳನ್ನು ಅವರ ಮೇಜಿನ ಮೇಲಿಟ್ಟು ವಿವರಿಸಿದೆ. “ಪಾಲಕರು ಬಂದು ನೋಡೂದು ಮಕ್ಕಳು ಬರದ ವಹೀನ. ಇದನ್ನ ಯಾರು ನೋಡ್ತಾರ?” ಎಂದರು. ಆರು ವರ್ಷದ ಮಗುವಿನ ಒಂದು ವರ್ಷವನ್ನು ಇಷ್ಟು ಸಲೀಸಾಗಿ ಕಿತ್ತುಕೊಳ್ಳಬಹುದೆಂದು ನನಗೆ ಗೊತ್ತಿರಲಿಲ್ಲ.

ಸಲೀಂ ಬಂದಾಗ ನನ್ನ ಮೌನವನ್ನೂ ಸೇರಿಸಿ ಎಲ್ಲ ಹೇಳಿದೆ. ಅವರು ಜಗಳವಾಡಿದ್ದರೆ ಚೆನ್ನಾಗಿತ್ತು.

“ಇರ್ಲಿ ಬಿಡ್ರಿ. ಮುಂದಿನ ವರ್ಷನೂ ನೀವ ಇರ್ತೀರಲ್ಲ?”

ಹೂಂ ಎಂದೆ.

ಸಂಜೆ ಅಮ್ಮನ ಫೋನು. ಮಳವಳ್ಳಿಯ ಶಾಲೆಯೊಂದರಲ್ಲಿ ಜಾಗ ಖಾಲಿಯಾಗಿದೆಯಂತೆ. “ಜೂನ್‌ಗೆ ಬಂದ್ಬುಡ್ತೀಯ ಅಲ್ವೇನವ್ವ?”

ಅವಳಿಗೂ ಹೂಂ ಎಂದೆ.