ವಾಮನಣ್ಣನ ವಿಸ್ಕಿ ಪೆಟ್ಟಿಗೆಗಳು

ಜೀವನದಲ್ಲಿ ಒಂದು ತೊಟ್ಟೂ ಕುಡಿಯದ ವಾಮನಣ್ಣನ ಮನೆಗೆ ಕಲ್ಯಾಣಪುರದಲ್ಲಿ ‘ಗಡಂಗು’ ಎಂದೇ ಹೆಸರು. ಹೆಂಡದಂಗಡಿಯೂ ನಾಚುವಂತೆ ಜಗಲಿಯಿಂದ ಅಡುಗೆಮನೆಯವರೆಗೆ ಹಳೆಯ ವಿಸ್ಕಿ, ಬ್ರಾಂದಿಯ ಮರದ ಪೆಟ್ಟಿಗೆಗಳು. ಹಲಗೆಗಳ ಮೇಲೆ ಕಾದ ಕಬ್ಬಿಣದಿಂದ ಸುಟ್ಟು ಮೂಡಿಸಿದ ಇಂಗ್ಲಿಷ್ ಅಕ್ಷರಗಳು. ಹೆಂಡತಿ ಸುಂದರಿ ಅಕ್ಕ ಅವುಗಳ ಮೇಲೆ ಹಪ್ಪಳ ಒಣಗಿಸುತ್ತಿದ್ದರು, ನೆಂಟರನ್ನೂ ಕೂರಿಸುತ್ತಿದ್ದರು.

ವಾಮನಣ್ಣ ಉಡುಪಿ–ಕಾರ್ಕಳ ಬಸ್ಸಿನ ಡ್ರೈವರ್, ನಾನು ಅದೇ ಬಸ್ಸಿನ ಕಂಡಕ್ಟರ್. ಒಮ್ಮೆ ಕಾರ್ಕಳ ಇನ್ನೂ ಸ್ವಲ್ಪ ದೂರವಿರುವಾಗಲೇ ಬಸ್ಸನ್ನು ಗಕ್ಕನೆ ನಿಲ್ಲಿಸಿ ಇಳಿದೇ ಬಿಟ್ಟರು. ರಸ್ತೆ ಬದಿಯ ಅಂಗಳದಲ್ಲಿ ಅಂಥದೊಂದು ಪೆಟ್ಟಿಗೆಯೊಳಗೆ ಕೋಳಿ ಕಾವಿಗೆ ಕೂತಿತ್ತು. ಪ್ರಯಾಣಿಕರು ಬೊಬ್ಬೆ ಹಾಕುತ್ತಿದ್ದರೆ ಇವರು ಮನೆಯಾಕೆಯೊಡನೆ ಮಾತು ಮುಗಿಸಿಯೇ ಬಂದರು. ಮರುದಿನ ಕೋಳಿಗೆ ಹೊಸ ಬುಟ್ಟಿ ಕೊಟ್ಟು, ಪೆಟ್ಟಿಗೆಯನ್ನು ಬಸ್ಸಿಗೆ ತಂದು ತಮ್ಮ ಸೀಟಿನ ಪಕ್ಕ ಇಟ್ಟುಕೊಂಡರು.

“ನಾರುತ್ತದೆ ವಾಮನಣ್ಣ!” ಎಂದೆ.

“ವಿಲಾಯತಿಯಿಂದ ಬಂದವ, ಮರ್ಯಾದೆ ಕೊಡು ಮಾರಾಯ. ಒಂದು ಟಿಕೆಟ್ ಸಹ ಕೊಡು.”

ಕಾರ್ಕಳದಲ್ಲಿ ಚಹಾ ಕುಡಿಯುವಾಗ ಕೇಳಿದೆ, “ಇದೆಲ್ಲ ನಿಮಗೆ ಎಂತಕ್ಕೆ?”

ಲೋಟ ಕೆಳಗಿಟ್ಟರು. “ನನ್ನ ಅಪ್ಪ ಬಂದರಿನಲ್ಲಿ ಹೊರೆ ಹೊರುತ್ತಿದ್ದದ್ದು. ದೊರೆಗಳಿಗೆ ವಿಸ್ಕಿ ಹಡಗಿನಲ್ಲಿ ಬೊಂಬಾಯಿಗೆ ಬರುವುದು, ಅಲ್ಲಿಂದ ಹಾಯಿಯ ಮಂಜಿ ದೋಣಿಯಲ್ಲಿ ಇಲ್ಲಿಗೆ. ಆಗ ರಟ್ಟಿನ ಪೆಟ್ಟಿಗೆ ಎಲ್ಲಿ ಉಂಟು? ಮರದ್ದೇ. ಬಾಟ್ಲಿ ಒಡೆಯದ ಹಾಗೆ ಒಳಗೆ ಹುಲ್ಲು. ಅಪ್ಪ ಸೊಂಟದವರೆಗೆ ನೀರಿಗಿಳಿದು ತಲೆಯ ಮೇಲೆ ದಡಕ್ಕೆ ತರುವುದಂತೆ, ಅಮ್ಮ ಹೇಳಿದ್ದು. ಖಾಲಿಯಾದದ್ದೆಲ್ಲ ಊರಿನವರ ಮನೆಗೆ ಹೋಯಿತು, ಅಕ್ಕಿಗೆ, ಮೀನಿಗೆ, ಕೋಳಿಗೆ. ನನಗೆ ಅಪ್ಪನ ಮುಖ ನೆನಪಿಲ್ಲ. ಅವರು ಹೊತ್ತದ್ದು ಒಂದಾದರೂ ಇದರಲ್ಲಿ ಇರಬಹುದು, ಅಲ್ವಾ?”

ಇರಬಹುದು ಎಂದೆ. ಅಷ್ಟು ಸಾಕಿತ್ತು ಅವರಿಗೆ.

ಸುಂದರಿ ಅಕ್ಕನ ಕಿಡ್ನಿ ಕೆಟ್ಟು ಮಣಿಪಾಲದ ಆಸ್ಪತ್ರೆಗೆ ಓಡಾಟ ಶುರುವಾದಾಗ, ಕಾಪುವಿನ ಸಮುದ್ರ ಬದಿಯ ರೆಸಾರ್ಟೊಂದರವರು ಪೆಟ್ಟಿಗೆಗಳನ್ನು ಒಳ್ಳೆಯ ಬೆಲೆಗೆ ಕೇಳಿಕೊಂಡು ಬಂದರು. “ಕೊಡಬೇಡಿ, ಮಾವ ಹೊತ್ತದ್ದು” ಎಂದು ಅಕ್ಕ ಮಲಗಿದಲ್ಲೇ ಅತ್ತರು.

“ಅಪ್ಪ ಹೊತ್ತದ್ದು ಮನೆಯವರು ಬದುಕಲಿ ಅಂತಲೇ ಅಲ್ವಾ?” ಎಂದರು ವಾಮನಣ್ಣ. ಒಂದೊಂದನ್ನೂ ತಾವೇ ತಲೆಯ ಮೇಲೆ ಹೊತ್ತು ಟೆಂಪೋಗೆ ಏರಿಸಿದರು. ಬೇರೆಯವರನ್ನು ಮುಟ್ಟಗೊಡಲಿಲ್ಲ.

ಅಕ್ಕ ಇನ್ನೆರಡು ಮಳೆಗಾಲ ಕಂಡರು. ಅವರು ಹೋದ ಮೇಲೆ ಒಂದು ದಿನ ವಾಮನಣ್ಣ, “ಕಾಪುವಿಗೆ ಹೋಗುವನಾ?” ಎಂದರು.

ರೆಸಾರ್ಟಿನ ಬಾರಿನ ಗೋಡೆಯುದ್ದಕ್ಕೂ ಪೆಟ್ಟಿಗೆಗಳು ವಾರ್ನಿಷ್ ಬಳಿದುಕೊಂಡು ನಿಂತಿದ್ದವು, ಒಳಗೆ ಸಣ್ಣ ದೀಪಗಳು. ನಿಂಬೆ ಸೋಡ ತರಿಸಿ ಇವರು ಸುಮ್ಮನೆ ನೋಡುತ್ತ ಕೂತರು. ಪ್ರವಾಸಕ್ಕೆ ಬಂದಿದ್ದ ಹುಡುಗ ಹುಡುಗಿ ಬಂದು, “ಅಂಕಲ್, ಒಂದು ಫೋಟೋ ತೆಗೀತೀರಾ?” ಎಂದು ಮೊಬೈಲ್ ಕೊಟ್ಟು ಪೆಟ್ಟಿಗೆಗಳ ಮುಂದೆ ನಿಂತರು. ವಾಮನಣ್ಣ ಮೊಬೈಲ್ ಹಿಡಿದುಕೊಂಡು ಎದ್ದರು.

“ಸ್ವಲ್ಪ ಆಚೆ ನಿಲ್ಲಿ ಮಕ್ಕಳೇ, ಅಕ್ಷರ ಕಾಣಲಿ.”

ಅವರು ಸರಿದು ನಿಂತರು, ನಕ್ಕರು, ಥ್ಯಾಂಕ್ಸ್ ಹೇಳಿ ಹೋದರು.

ಆ ವರ್ಷವೇ ವಾಮನಣ್ಣ ತೀರಿಕೊಂಡರು. ಆ ಫೋಟೋ ಈಗ ಯಾವ ಊರಿನಲ್ಲಿ ಯಾರ ಮೊಬೈಲಿನಲ್ಲಿದೆಯೋ. ಅದರಲ್ಲಿ ಪೆಟ್ಟಿಗೆಗಳು ಇವೆ, ಅವರಿಲ್ಲ.