ಎಸಿ ನೀರಿನ ನಿಂಬೆತೋಟ

ಮದರಂಗಿಯಿಂದ ಕೆಂಪಗಾದ ತೋರುಬೆರಳನ್ನು ಬಕೆಟ್ಟಿಗೆ ಅದ್ದಿ, ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚುತ್ತಿದ್ದರು. ಮಸ್ಕತ್ತಿನ ಬೌಷರಿನಲ್ಲಿದ್ದ ನಮ್ಮ ಮನೆಯೊಡತಿಯ ನೀರಿನ ಪರೀಕ್ಷೆ ಇಷ್ಟೇ. ಉಪ್ಪಿದ್ದರೆ ಚೆಲ್ಲು, ಇಲ್ಲದಿದ್ದರೆ ನಿಂಬೆಗಿಡಕ್ಕೆ. ಒಮ್ಮೆ ನನ್ನ ಗಂಡ ಒಣಮೀನು ತೊಳೆದ ನೀರನ್ನೂ, ಬಾಡಿಗೆಯವರು ಅವರಿಗಾಗಿ ಇಡುತ್ತಿದ್ದ ಬಕೆಟ್‌ಗಳ ಸಾಲಿನಲ್ಲಿಟ್ಟುಬಿಟ್ಟರು. ಉಡುಪಿಯವರ ಬುದ್ಧಿ ಎಲ್ಲಿ ಹೋಗುತ್ತದೆ ಮಾರಾಯ್ರೆ! ಮನೆಯೊಡತಿ ರುಚಿ ನೋಡಿ, ಮುಖ ಹಿಂಡಿ, ಬಕೆಟನ್ನು ನಮ್ಮ ಬಾಗಿಲಿಗೇ ತಂದಿಟ್ಟರು. ಆಮೇಲೆ ಎಷ್ಟೋ ದಿನ ಗಂಡ ಅವರ ಕಣ್ಣಿಗೆ ಬೀಳದೆ ಓಡಾಡಿದರು.

ಕೆಲವು ವರ್ಷಗಳಿಂದ ಸರಿಯಾದ ಮಳೆಯಿರಲಿಲ್ಲ. ಬೆಟ್ಟದಡಿಯಿಂದ ತೋಟಗಳಿಗೆ ಸರದಿಯ ಮೇಲೆ ನೀರು ತರುವ ಕಾಲುವೆ, ಅಲ್ಲಿಯವರ ಫಲಜ್, ಬತ್ತಿತ್ತು. ಬಾವಿಗಳು ಉಪ್ಪಾಗಿದ್ದವು. ಪಕ್ಕದವರು ಆಡು ಮಾರಿದರು, ಆಮೇಲೆ ತೋಟವನ್ನೇ ಮಾರಿದರು. ನಮ್ಮ ಮನೆಯೊಡತಿಯ ಮಗನೂ ಗಿಡ ಕಡಿದು ಅಂಗಡಿಸಾಲು ಕಟ್ಟೋಣ ಎನ್ನುತ್ತಿದ್ದ. ಇದೊಂದು ಬೇಸಿಗೆ ತಡೆ ಎಂದು ತಾಯಿ ಅವನಿಂದ ಮಾತು ತೆಗೆದುಕೊಂಡಿದ್ದರು.

ಆ ಬೇಸಿಗೆಯಲ್ಲಿ ಅವರು ಬಾಡಿಗೆಯವರ ಬಾಗಿಲು ಬಡಿದು, ತಮ್ಮ ಹರಕುಮುರುಕು ಹಿಂದಿಯಲ್ಲಿ, ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರು ಕೇಳಿದರು. ನಾವೋ, ಗೋಡೆ ಹಾಳುಮಾಡುತ್ತದೆಂದು ಆ ನೀರಿಗೆ ಶಾಪ ಹಾಕುತ್ತಿದ್ದವರು! ಮಸ್ಕತ್ತಿನ ಸೆಕೆಗೆ ಬಕೆಟ್ ತುಂಬುವುದೇನು ತಡವಲ್ಲ. ಅವರೇ ಹೊತ್ತು ಗಿಡಗಿಡಕ್ಕೆ ಹಾಕುತ್ತಿದ್ದರು. ಬಿಡಿ ಖಾಲಾ, ನಾವು ಹೊರುತ್ತೇವೆ ಎಂದರೆ, ಯಲ್ಲಾ, ನಡಿ ನಡಿ, ನೀನು ಒಳಗೆ ಹೋಗಿ ಎಸಿ ಹಾಕು ಎಂದು ಗದರುತ್ತಿದ್ದರು. ಕೆಲವು ಗಿಡ ಸತ್ತವು. ಉಳಿದವು ಹೇಗೋ ಹಸಿರು ಹಿಡಿದುಕೊಂಡು ನಿಂತವು.

ಚಳಿಗಾಲಕ್ಕೆ ಬೆಟ್ಟದಲ್ಲಿ ಜೋರು ಮಳೆಯಾಯಿತು. ಕೆಲವು ದಿನ ಕಳೆದು ಕಾಲುವೆಯಲ್ಲಿ ನೀರು ಕಂಡಾಗ ನನಗೇ ಹೋದ ಜೀವ ಬಂದಂತಾಯಿತು. ಮಗ ಉದ್ದಂಗಿ ಎತ್ತಿ ಕಟ್ಟಿ, ತಾನೇ ತೋಟಕ್ಕೆ ನೀರು ತಿರುಗಿಸಿದ. ಅಂಗಡಿಯ ಮಾತು ಅಲ್ಲಿಗೆ ಖಲಾಸ್.

ಆ ಸಂಜೆ ಅವರು ಖರ್ಜೂರ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಬಾಲ್ಕನಿಯಲ್ಲಿ ನನ್ನ ಕರಿಬೇವು ಕಡ್ಡಿಯಾಗಿದ್ದುದನ್ನು ಕಂಡು ನನ್ನನ್ನು ಚೆನ್ನಾಗಿ ಬೈದರು. ಎಲ್ಲ ನೀರು ನನಗೆ ಕೊಟ್ಟೆಯಾ, ಹುಚ್ಚಿ ಎಂದರು. ಕುಂಡ ಎತ್ತಿಕೊಂಡು ಹೋಗಿ ಗಿಡವನ್ನು ತಮ್ಮ ತೋಟದಲ್ಲಿ ಕಾಲುವೆಯ ಪಕ್ಕ ನೆಟ್ಟರು.

"ಇನ್ನು ಇದಕ್ಕೆ ನನ್ನ ನೀರಿನಲ್ಲಿ ಪಾಲುಂಟು," ಎಂದರು.

ಅಣ್ಣನ ಸರದಿಯ ನೀರನ್ನು ತಮ್ಮನೂ ಮುಟ್ಟದ ಊರದು.

ಹೋದ ವರ್ಷ ಅವರು ತೀರಿಕೊಂಡರು. ಇನ್ನು ಕರಿಬೇವಿಗೆ ನಾನೇ ನೀರು ಹೊರಬೇಕೆಂದು, ಸರದಿಯ ದಿನ ಬಕೆಟ್ ಹಿಡಿದು ಇಳಿದೆ. ಮಗ ಆಗಲೇ ಅದರ ಪಾತಿಯ ಮಣ್ಣು ಸರಿಸಿ ನೀರು ಬಿಟ್ಟಿದ್ದ.

"ಇದರ ಪಾಲು ಮೊದಲು ಕೊಡು ಅಂತ ಉಮ್ಮಿ ಹೇಳಿ ಹೋಗಿದ್ದಾರೆ," ಎಂದ.