ಮಾವ ಹೊಡೆದುಹಾಕಿದ ಮೂರನೆಯ ಸಾಲು

ನನ್ನ ಸೋದರಮಾವನಂಥ ಇನ್ನೊಬ್ಬ ಪುಕ್ಕಲನನ್ನು ನಾನು ನೋಡಿಲ್ಲ. ಲಿಫ್ಟ್ ಎಂದರೆ ಭಯ, ನಾಯಿ ಎಂದರೆ ಭಯ. ಮೇಲಧಿಕಾರಿಗಳಿಂದ ಲಕೋಟೆ ಬಂದರೆ ಒಡೆಯುವ ಮೊದಲು ಎರಡು ಲೋಟ ನೀರು ಕುಡಿಯುತ್ತಿದ್ದ. ನೀರನ್ನೂ ಅವನು ನಂಬುತ್ತಿದ್ದದ್ದು ಲೋಟದಲ್ಲಿದ್ದಾಗ ಮಾತ್ರ. ಪಾದ ನೆನೆಯುವಷ್ಟು ಹೊಳೆಗೂ ಇಳಿದವನಲ್ಲ. ಇಂಥವನಿಗೆ ಸಿಕ್ಕ ಕೆಲಸ ನೋಡಿ: ನಗರದ ಪ್ರವಾಸೋದ್ಯಮ ಮಂಡಳಿಯಲ್ಲಿ ಕೂತು, ‘ಬನ್ನಿ, ನಮ್ಮೂರಲ್ಲಿ ಹೆದರುವಂಥದ್ದೇನೂ ಇಲ್ಲ’ ಎಂದು ಪ್ರಪಂಚಕ್ಕೆಲ್ಲ ಬರೆದು ಹೇಳುವುದು!

ಬ್ರೋಷರಿನ ಪ್ರತಿ ಚಿತ್ರದ ಕೆಳಗೆ ಎರಡು ಸಾಲು. ಇಪ್ಪತ್ತಾರು ವರ್ಷ ಅದನ್ನೇ ಬರೆದು ಬರೆದು ಆಫೀಸಿನಲ್ಲಿ ಅವನ ಹೆಸರೇ ‘ಎರಡು ಸಾಲು’ ಎಂದಾಗಿತ್ತು. ಆ ಜಾಗಗಳಿಗೆ ಅವನು ಹೋಗುತ್ತಿರಲಿಲ್ಲ. ಫೋಟೋಗ್ರಾಫರ್ ತಂದ ಚಿತ್ರವನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಹಣೆಗೇರಿಸಿ, ಅಲ್ಲೇ ನಿಂತು ನೋಡಿದವನಂತೆ ಬರೆದುಬಿಡುತ್ತಿದ್ದ. ಮಂಡಳಿಯ ಕಟ್ಟುನಿಟ್ಟು ಒಂದೇ: ‘ಬೇಡ’, ‘ಎಚ್ಚರ’, ‘ಅಪಾಯ’ ಇಂಥ ಮಾತು ಬ್ರೋಷರಿನಲ್ಲಿ ಕಾಣಬಾರದು. ಅಂಥ ಒಂದು ಮಾತು ಒಂದು ಬಸ್ಸಿನಷ್ಟು ಜನರನ್ನು ಪಕ್ಕದೂರಿಗೆ ಓಡಿಸುತ್ತದೆ ಎಂಬುದು ನಿರ್ದೇಶಕರ ಸಿದ್ಧಾಂತ. ಮಾವ ಐದನೇ ಮಹಡಿಯಲ್ಲಿ ಬರೆದದ್ದನ್ನು ನಾನು ಕೆಳಗಿನ ಕೌಂಟರಿನಲ್ಲಿ ಕೂತು, ನಗುನಗುತ್ತಾ ಬಂದವರ ಕೈಗೆ ಕೊಡುತ್ತಿದ್ದೆ.

ಆ ವರ್ಷ ಹೊಳೆದಂಡೆಯ ಚಿತ್ರ ಬಂತು. ನಲವತ್ತು ಕಲ್ಲುಮೆಟ್ಟಿಲು, ಇಳಿದರೆ ಬಿಳಿ ಮರಳು, ಅದರಾಚೆ ಪಾದ ಮುಳುಗುವಷ್ಟು ನೀರು. ಮೇಲಿನ ಅಣೆಕಟ್ಟನ್ನು ದುರಸ್ತಿಗೆಂದು ಮುಚ್ಚಿದ್ದಾಗ ತೆಗೆದ ಚಿತ್ರ ಅದು. ಮಾವನಿಗೆ ಇದು ಗೊತ್ತಿತ್ತು. ಅಣೆಕಟ್ಟಿನ ಆಫೀಸಿನವರು ಚೀಟಿ ಕಳಿಸಿದ್ದರು: ದುರಸ್ತಿ ಮುಗಿದ ಮೇಲೆ ದಿನವೂ ಮಧ್ಯಾಹ್ನ ಮೂರಕ್ಕೆ ನೀರು ಬಿಡುತ್ತೇವೆ, ಹತ್ತು ನಿಮಿಷದಲ್ಲಿ ದಂಡೆ ಮುಳುಗಿ ನೀರು ಅರ್ಧದಷ್ಟು ಮೆಟ್ಟಿಲುಗಳನ್ನು ಹತ್ತುತ್ತದೆ. ಮಾವ ಅವತ್ತು ಮೂರು ಸಾಲು ಬರೆದ. ಮೂರನೆಯದು, ‘ಮಧ್ಯಾಹ್ನ ಎರಡೂವರೆಯ ನಂತರ ಕೆಳಗಿಳಿಯಬೇಡಿ.’

ನಿರ್ದೇಶಕರು ಅದರ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದರು. “ಏನ್ರೀ ಇದು? ಜನರನ್ನ ಕರೀತಿದ್ದೀರೋ ಓಡಿಸ್ತಿದ್ದೀರೋ? ಅಲ್ಲೊಂದು ಬೋರ್ಡು ಹಾಕ್ಸಿದ್ರಾಯ್ತು ಬಿಡಿ.”

ಮಾವ ತನ್ನ ಪೆನ್ನಿನಿಂದಲೇ ಆ ಸಾಲು ಹೊಡೆದುಹಾಕಿದ. ಉಳಿದದ್ದು ಇಷ್ಟು: ‘ಮಕ್ಕಳು ಮನಸಾರೆ ಆಡಬಹುದಾದ ತಣ್ಣನೆಯ ದಂಡೆ. ಇಡೀ ಮಧ್ಯಾಹ್ನ ಇಲ್ಲೇ ಕಳೆಯಿರಿ.’ ಎಂಟು ಸಾವಿರ ಪ್ರತಿ ಅಚ್ಚಾದವು. ಬೋರ್ಡು ಮಾತ್ರ ಬರಲಿಲ್ಲ. ದುರಸ್ತಿ ಏಳು ತಿಂಗಳು ಎಳೆಯಿತು, ಜನ ಇಳಿದರು, ಆಡಿದರು, ಹತ್ತಿ ಬಂದರು. ನಾವೂ ಮರೆತೆವು.

ಒಂದು ದಿನ ಮಧ್ಯಾಹ್ನ ಎರಡೂಕಾಲಿಗೆ ಕೌಂಟರಿನ ಫೋನ್ ಹೊಡೆದುಕೊಂಡಿತು. ಅಣೆಕಟ್ಟಿನ ಗುಮಾಸ್ತ.

“ಮೇಡಂ, ದುರಸ್ತಿ ಮುಗೀತು. ಇವತ್ತಿಂದ್ಲೇ ಮೂರು ಗಂಟೆಗೆ ನೀರು ಬಿಡ್ತೀವಿ. ನಿಮಗೂ ಗೊತ್ತಿರ್ಲಿ ಅಂತ ಹೇಳ್ದೆ.”

“ಇವತ್ತೊಂದಿನ ತಡೀರಿ ಸ್ವಾಮಿ, ಕೆಳಗೆ ಜನ ಇರ್ತಾರೆ!”

“ಅದು ನನ್ನ ಕೈಲಿಲ್ಲ ಮೇಡಂ. ಸಾಹೇಬ್ರು ಗೇಟಿನ ಹತ್ರ ಹೋಗಿದಾರೆ, ಅಲ್ಲಿ ಫೋನ್ ಸಿಗಲ್ಲ. ಪ್ರಯತ್ನ ಮಾಡ್ತೀನಿ.”

ಅವತ್ತು ಬೆಳಿಗ್ಗೆ ಒಬ್ಬ ಹೆಂಗಸು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದಳು. ಮಕ್ಕಳಿಗೆ ಆಡೋಕೆ ಒಳ್ಳೆ ಜಾಗ ಹೇಳಿ ಎಂದು ಕೇಳಿದ್ದಳು. ಬ್ರೋಷರು ಬಿಡಿಸಿ ದಂಡೆಗೆ ಗುರುತು ಹಾಕಿ ಕೊಟ್ಟವಳು ನಾನೇ. ಊಟ ಮುಗಿಸಿ ಅಲ್ಲಿಗೇ ಹೋಗ್ತೀವಿ ಎಂದಿದ್ದಳು.

ನಾನು ಮೇಲೆ ಹೋಗಿ ವಿಷಯ ಹೇಳಿದೆ. ಮಾವ ಕೂಡಲೇ ಎದ್ದ. ಮೆಟ್ಟಿಲಿನ ಕಡೆ ತಿರುಗದೆ ನೇರ ಲಿಫ್ಟಿಗೆ ನುಗ್ಗಿದ.

ಟ್ಯಾಕ್ಸಿಯಲ್ಲಿ ಅವನ ಕೈ ನನ್ನ ಮಣಿಕಟ್ಟನ್ನು ಬಿಡಲಿಲ್ಲ. ಪೇಟೆ ದಾಟುವಷ್ಟರಲ್ಲಿ ಎರಡೂಮುಕ್ಕಾಲು. ಸೇತುವೆಯ ಹತ್ತಿರ ವಾಹನಗಳು ಬೆಲ್ಲಕ್ಕೆ ಇರುವೆ ಮುತ್ತಿದಂತೆ ನಿಂತಿದ್ದವು.

“ಚಿಕ್ಕದು ಎಷ್ಟಿರಬಹುದೇ?” ಎಂದ.

“ನಾಲ್ಕು ವರ್ಷ ಇರ್ಬೇಕು ಮಾವ.”

“ಹಂಗಾದ್ರೆ ಈಜು ಬರಲ್ಲ.” ಮತ್ತೆ, “ದೊಡ್ಡೋನಿಗೆ?”

ನಾನು ಕಿಟಕಿಯಿಂದ ತಲೆ ಹೊರಹಾಕಿ, ದಾರಿ ಬಿಡಿ ಎಂದು ಮುಂದಿನವರಿಗೆ ಕೂಗಿದೆ.

ನಾವು ಟ್ಯಾಕ್ಸಿಯಿಂದ ಇಳಿದಾಗ ಮೂರು ಗಂಟೆ ಹನ್ನೆರಡು ನಿಮಿಷ. ದಂಡೆ ಇರಲಿಲ್ಲ. ಕೆಂಪು ನೀರು ಇಪ್ಪತ್ತನೆಯ ಮೆಟ್ಟಿಲಿನವರೆಗೆ ಏರಿ ಗುಡುಗುಡು ಸದ್ದು ಮಾಡುತ್ತಿತ್ತು. ಒಂದು ನರಪಿಳ್ಳೆಯೂ ಕಾಣಲಿಲ್ಲ. ಮಾವ ಚಪ್ಪಲಿ ಸಮೇತ ಇಳಿದ. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು, ಪಕ್ಕದ ಕಂಬಿ ಹಿಡಿದು ಅಲ್ಲೇ ನಿಂತು “ಮಗೂ! ಪುಟ್ಟಾ! ಮಗೂ!” ಎಂದು ಕೂಗತೊಡಗಿದ. ಹೆಸರೇ ಗೊತ್ತಿಲ್ಲದ ಮಕ್ಕಳನ್ನು ಇನ್ನೇನೆಂದು ಕರೆಯುವುದು? ಕೂಗಿ ಕೂಗಿ ಅವನ ದನಿ ಸೀಳಿಹೋಯಿತು. ನೀರು ಯಾವುದಕ್ಕೂ ಓಗೊಡಲಿಲ್ಲ.

“ಅಣ್ಣಾ, ಏನಾದ್ರೂ ಕಳ್ಕೊಂಡ್ರಾ?”

ಹಿಂದಿನಿಂದ, ಮೆಟ್ಟಿಲಿನ ತುದಿಯಿಂದ. ತಿರುಗಿ ನೋಡಿದರೆ ಆ ಹೆಂಗಸು, ಎಡಬಲಕ್ಕೆ ಇಬ್ಬರು ಮಕ್ಕಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

“ಓ, ನೀವಾ!” ಎಂದು ಅವಳು ನನ್ನನ್ನು ನೋಡಿ ನಕ್ಕಳು. “ತುಂಬಾ ಚೆನ್ನಾಗಿದೆ ರೀ ಜಾಗ, ಬರೆದ ಹಾಗೇ ಇದೆ. ಇವಳಿಗೆ ಒಂದಕ್ಕೆ ಅವಸರ ಆಯ್ತು ಅಂತ ಮೇಲೆ ರಸ್ತೆವರೆಗೂ ಹೋಗಿದ್ವಿ. ಈಗ ಮತ್ತೆ ಇಳೀಬೇಕು, ಚಾಪೆ, ಚೀಲ ಎಲ್ಲಾ ಅಲ್ಲೇ...” ಮಾತು ನಿಂತಿತು. ನೀರನ್ನು ಅವಳು ಆಗಷ್ಟೇ ಸರಿಯಾಗಿ ನೋಡಿದ್ದು. “ನಮ್ಮ ಚಾಪೆ ಎಲ್ಲಿ?”

ಮಾವ ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಮೇಲೆ ಬಂದು, ನೀರು ಬಿಡುವ ಹೊತ್ತು, ಬಂದ ಚೀಟಿ, ಎಲ್ಲವನ್ನೂ ಹೇಳಿದ. ಆ ಎರಡು ಸಾಲು ಬರೆದವನು ತಾನೇ ಎಂದೂ ಹೇಳಿದ. ಅವಳು ಮಕ್ಕಳಿಬ್ಬರನ್ನೂ ಹೊಟ್ಟೆಗೆ ಒತ್ತಿಕೊಂಡಳು.

“ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

“ಗೊತ್ತಿದ್ದೂ ಯಾಕೆ ಹಂಗೆ ಬರೆದ್ರಿ?”

“ಹೆದರಿ ಬರೆದೆ, ತಾಯಿ.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಸ್ವಲ್ಪ ಹಗುರಾಗುತ್ತಿದ್ದನೋ ಏನೋ. ಮಗಳನ್ನು ಎತ್ತಿಕೊಂಡು, ಮಗನ ಕೈ ಹಿಡಿದು, ಹಿಂದಿರುಗಿ ನೋಡದೆ ಹೊರಟುಹೋದಳು.

ಮರುದಿನ ನಿರ್ದೇಶಕರು, “ಏನೂ ಆಗ್ಲಿಲ್ವಲ್ಲ, ಯಾಕೆ ದೊಡ್ಡದು ಮಾಡ್ತೀರಿ?” ಎಂದರು. ಮಾವ ಮೊದಲ ಸಲ ಅವರೆದುರು ದನಿ ಎತ್ತಿದ. ಮುಂದಿನ ಮುದ್ರಣದಲ್ಲಿ ಆ ಚಿತ್ರ ಹೋಯಿತು, ಮಾವನ ಕೆಲಸವೂ ಹೋಯಿತು. ಆದರೆ ಊರೂರಿಗೆ ಹೋದ ಎಂಟು ಸಾವಿರವನ್ನು ವಾಪಸ್ ಕರೆಯುವವರು ಯಾರು? ಇವತ್ತಿಗೂ ಯಾರೋ ಅದನ್ನು ಹಿಡಿದುಕೊಂಡೇ ಬಂದು ದಂಡೆಗೆ ಇಳಿಯುತ್ತಾರೆ.

ಬೋರ್ಡು ಇನ್ನೂ ಬಂದಿಲ್ಲ. ಹಾಗಾಗಿ ಮಾವ ದಿನವೂ ಒಂದಕ್ಕೆ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಾನೆ. ಮಂಡಿನೋವಿನಲ್ಲಿ ನಲವತ್ತೂ ಮೆಟ್ಟಿಲು ಇಳಿದು, ಒಬ್ಬೊಬ್ಬರನ್ನೇ ಎಬ್ಬಿಸಿ ಮೇಲೆ ಕಳಿಸಿ, ಕೊನೆಗೆ ತಾನು ಹತ್ತುತ್ತಾನೆ. ಅರವತ್ತೆಂಟು ಆಯಿತು ಅವನಿಗೆ. ಹೋಗಬೇಡ ಎಂದರೆ ಕೇಳುವುದಿಲ್ಲ. ಎರಡೂವರೆಯಿಂದ ನಾನು ಗಡಿಯಾರ ನೋಡಲು ಶುರು ಮಾಡುತ್ತೇನೆ. ಮೂರೂಕಾಲಿಗೆ ಫೋನ್ ಬರುತ್ತದೆ. “ಎಲ್ರೂ ಮೇಲಿದೀವಿ ಕಣೇ,” ಎನ್ನುತ್ತಾನೆ. ಅಲ್ಲಿಯವರೆಗೆ ಕೌಂಟರಿಗೆ ಬಂದವರಿಗೆ ನಾನು ಏನು ಹೇಳಿ ಕಳಿಸಿದೆ ಎಂಬುದು ನನಗೇ ನೆನಪಿರುವುದಿಲ್ಲ.